ಯಾವ ಕಿವಿ ಹರಿದಿದ್ದು

ಅಕ್ಕತಮ್ಮಂದಿರ ಜಗಳ ಲೋಕಕ್ಕೆ ಹೊಸದಲ್ಲ. ಆದರೆ ಈ ಅಕ್ಕ ಈ ತಮ್ಮ ಆಡಿದ ಜಗಳದ ಮುಂದೆ ಉಳಿದ ಜಗಳಗಳೆಲ್ಲ ಮಕ್ಕಳು ಪೆನ್ಸಿಲ್ಲಿಗೆ ಕಿತ್ತಾಡಿದ ಹಾಗೆ. ಇಪ್ಪತ್ತೈದು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಊರು, ಒಂದೇ ಬಸ್ಸಿನ ದಾರಿ, ಇಬ್ಬರಿಗೂ ಒಬ್ಬರೇ ಹಲ್ಲಿನ ಡಾಕ್ಟರು, ಆದರೂ ನೋಡಲಿಲ್ಲ. ಆ ಡಾಕ್ಟರ ಕೋಣೆಯಲ್ಲಿ ಒಮ್ಮೆ ಎದುರುಬದುರು ಕೂರುವ ಪ್ರಸಂಗ ಬಂದಾಗ ತಮ್ಮ ಥಟ್ಟನೆ ಎದ್ದು ಮನೆಗೆ ಹೋಗಿ ಹಲ್ಲನ್ನು ತಾನೇ ಕಿತ್ತುಕೊಂಡ. ಕಿತ್ತಮೇಲೆ ನೋಡಿದರೆ ಅದು ನೋಯುತ್ತಿದ್ದ ಹಲ್ಲಲ್ಲ. ಅದಕ್ಕೂ ಅಕ್ಕನೇ ಕಾರಣ ಎಂದು ಇವತ್ತಿಗೂ ಬೈಯುತ್ತಾನೆ.

ಜಗಳದ ಮೂಲ ಆಸ್ತಿಯಲ್ಲ, ಮದುವೆಯಲ್ಲ. ಒಂದು ನಾಯಿಯ ಕಿವಿ.

ಇವರಿಬ್ಬರ ನಡುವೆ ಅಡಕತ್ತರಿಗೆ ಸಿಕ್ಕ ಹಾಗೆ ಸಿಕ್ಕಿದವಳು ನಿರ್ದೇಶಕಿ. ಅಕ್ಕ ಅವಳ ಹೆತ್ತ ತಾಯಿ, ತಮ್ಮ ಸೋದರಮಾವ. ಕಾರ್ಟೂನ್ ತಯಾರಿಸುವ ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಇನ್ನೊಬ್ಬರ ಮೊಲ, ಇನ್ನೊಬ್ಬರ ರೈಲು, ಇನ್ನೊಬ್ಬರ ಮಾತಾಡುವ ಚಮಚಗಳಿಗೆ ಕೈಕಾಲು ಬರೆದು ಬರೆದು ಬೆರಳು ಸವೆದ ಮೇಲೆ, ಕೊನೆಗೂ ಅವಳಿಗೆ ಒಂದು ಧಾರಾವಾಹಿ ಸಿಕ್ಕಿತ್ತು. ಪರದೆಯ ಮೇಲೆ ‘ನಿರ್ದೇಶನ’ ಎಂಬ ಪದದ ಕೆಳಗೆ ಅವಳ ಹೆಸರು ಬರಲಿತ್ತು. ಆ ಒಂದು ಸಾಲಿಗಾಗಿ ಅವಳು ಹೆತ್ತ ತಾಯಿಯನ್ನೂ ಮಾರಲು ತಯಾರಿದ್ದಳು. ಕೊಳ್ಳುವವರು ಬೇಕಲ್ಲ.

ಧಾರಾವಾಹಿ ಒಂದು ವಿಡಿಯೋ ಗೇಮಿನಿಂದ ಹುಟ್ಟಬೇಕಾಗಿತ್ತು. ಗೇಮಿನ ನಾಯಕನ ಹೆಸರು ಮೊಂಡ, ಎರಡು ಕಾಲಲ್ಲಿ ಓಡುವ ನಾಯಿ. ಒಂದು ಕೈಯಲ್ಲಿ ಲಾಟೀನು, ತಲೆಯ ಮೇಲೆ ಒಂದೂವರೆ ಕಿವಿ, ತಾರಸಿಯಿಂದ ತಾರಸಿಗೆ ಹಾರುವುದೇ ಕಸುಬು. ಹೆಬ್ಬೆರಳಿರುವ ಮಗು ಎಲ್ಲಿದ್ದರೂ ಅದು ಮೊಂಡನನ್ನು ಆಡಿಸಿರುತ್ತದೆ. ಹನ್ನೊಂದು ಭಾಗ ಬಂದಿವೆ. ಅಪ್ಪಂದಿರು ಆಡಿ ಕೆಲಸ ಕಳೆದುಕೊಂಡಿದ್ದಾರೆ, ಅಜ್ಜಂದಿರು ಆಡಿ ಕನ್ನಡಕ ಬದಲಿಸಿದ್ದಾರೆ. ಈ ಮೊಂಡನನ್ನು ಹುಟ್ಟಿಸಿದವರು ಅದೇ ಅಕ್ಕ, ಅದೇ ತಮ್ಮ.

ಇಷ್ಟು ಜನ ಇಷ್ಟು ವರ್ಷ ಆಡಿದರೂ ಮೊಂಡನ ಹರಿದ ಕಿವಿ ಎಡಗಿವಿಯೋ ಬಲಗಿವಿಯೋ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಹಳೇ ಗೇಮುಗಳಲ್ಲಿ ಪಕ್ಕದಿಂದ ಕಾಣುವ ಒಂದೇ ಚಿತ್ರ ಬರೆದು, ನಾಯಕ ಹಿಂದಕ್ಕೆ ತಿರುಗಿದಾಗ ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಬಿಡುವುದು ರೂಢಿ. ಮೊಂಡ ಬಲಕ್ಕೆ ಓಡಿದರೂ ಹರಕು ನಮ್ಮ ಕಡೆಗೇ, ಎಡಕ್ಕೆ ಓಡಿದರೂ ನಮ್ಮ ಕಡೆಗೇ. ನೇರವಾಗಿ ಎದುರಿಗೆ ನಿಂತ ಮೊಂಡನನ್ನು ಯಾರೂ ಕಂಡಿರಲಿಲ್ಲ. ಕಾಣುವಂತೆಯೂ ಇರಲಿಲ್ಲ: ಗೇಮನ್ನು ಕೊಂಡ ಕಂಪನಿಯ ಒಪ್ಪಂದದಲ್ಲಿ, ಮೊಂಡನ ಮುಖದ ಒಂದು ಚುಕ್ಕೆ ಹೊಸದಾಗಬೇಕಿದ್ದರೂ ಅಕ್ಕತಮ್ಮ ಇಬ್ಬರ ರುಜು ಬೇಕು ಎಂದಿತ್ತು. ಇಬ್ಬರ ರುಜು ಒಂದೇ ಹಾಳೆಯ ಮೇಲೆ ತರುವುದಕ್ಕಿಂತ ಎರಡು ನದಿಗಳನ್ನು ಮಡಕೆಯಲ್ಲಿ ಹೊತ್ತು ತರುವುದು ಸುಲಭ. ಹಾಗಾಗಿ ಹನ್ನೊಂದು ಭಾಗಗಳಲ್ಲೂ ಮೊಂಡ ಪಕ್ಕಕ್ಕೇ ಓಡಿದ. ಇದರಲ್ಲಿ ಏನೋ ದೊಡ್ಡ ತತ್ವವಿದೆ ಎಂದು ಪಂಡಿತರು ಪುಸ್ತಕ ಬರೆದರು.

ಟಿ.ವಿ.ಯಲ್ಲಿ ಈ ಆಟ ನಡೆಯುವಂತಿರಲಿಲ್ಲ. ಮಕ್ಕಳ ವಾಹಿನಿಯ ಅಧಿಕಾರಿಣಿಯನ್ನು ಎಲ್ಲರೂ ಗಂಟೆ ಮೇಡಂ ಎನ್ನುತ್ತಿದ್ದರು. ಯಾವ ಮಾತಿಗೂ ಆಕೆ ಗಡಿಯಾರ ನೋಡಿಯೇ ಉತ್ತರ ಕೊಡುವುದು. ಮೊಂಡ ಕಚ್ಚಬಾರದು, ತಾರಸಿಯಿಂದ ಬಿದ್ದರೆ ಹಾಸಿಗೆಯ ಮೇಲೇ ಬೀಳಬೇಕು ಎಂದು ಮೊದಲೇ ಹೇಳಿದ್ದರು. ಅದಕ್ಕೆಲ್ಲ ನಿರ್ದೇಶಕಿ ತಲೆಯಾಡಿಸಿದ್ದಳು. ಆಮೇಲೆ ಬಂತು ಆಕೆಯ ಕೊನೆಯ ನಿಯಮ: ಒಂದು ಕಂತಿನಲ್ಲಿ ಆರು ಸಲ ಮೊಂಡ ಮಗುವಿನ ಕಣ್ಣಿಗೆ ಕಣ್ಣಿಟ್ಟು ಪ್ರಶ್ನೆ ಕೇಳಬೇಕು. ಕಣ್ಣಿಗೆ ಕಣ್ಣು ಎಂದರೆ ಎದುರು ಮುಖ. ಎದುರು ಮುಖ ಎಂದರೆ ಎರಡು ಕಿವಿ. ರುಜು ಬಿದ್ದ ಎದುರು ಮುಖದ ಚಿತ್ರ ಶುಕ್ರವಾರ ಸಂಜೆ ಐದರೊಳಗೆ ಬರದಿದ್ದರೆ ಆ ಅರ್ಧ ಗಂಟೆಯನ್ನು ಹಾಡುವ ತರಕಾರಿಗಳಿಗೆ ಕೊಡುವುದಾಗಿ ಗಡಿಯಾರ ನೋಡಿ ಹೇಳಿದ್ದರು.

ಅಮ್ಮ ಬಲಗಿವಿ ಎನ್ನುತ್ತಿದ್ದಳು. ಮಾವ ಎಡಗಿವಿ ಎನ್ನುತ್ತಿದ್ದ. ಕಡ್ಡಿಯನ್ನು ಗುಡ್ಡ ಮಾಡುತ್ತಾರೆ ಎಂದು ನಗುವವರು ಒಂದು ಬಾಗಿಲಿನ ಕಥೆ ಕೇಳಬೇಕು.

ಇಪ್ಪತ್ತಾರು ವರ್ಷದ ಕೆಳಗೆ ಇಬ್ಬರೂ ಒಂದೇ ಮನೆಯ ಮುಂಗೋಣೆಯಲ್ಲಿ, ಒಂದೇ ಕಂಪ್ಯೂಟರಿನ ಮುಂದೆ ಮೊಣಕೈಗೆ ಮೊಣಕೈ ತಾಗಿಸಿ ಕೂತು ಗೇಮ್ ಕಟ್ಟುತ್ತಿದ್ದರು. ನಾಯಕ ಯಾವ ಪ್ರಾಣಿ ಎಂಬ ಮಾತು ಬಂತು. ಅಕ್ಕ ಮೊಲ ಎಂದಳು, ತಮ್ಮ ಗೂಬೆ ಎಂದ. ಸ್ವಲ್ಪ ಹೊತ್ತಿನಲ್ಲಿ ಅದು ನೀನು ಗೂಬೆ, ನಿನ್ನ ತಲೆ ಮೊಲದ್ದು ಎಂಬಲ್ಲಿಗೆ ಮುಟ್ಟಿತು. ತಮ್ಮ ಎದ್ದು ಹೊರಗೆ ಹೋಗುತ್ತ ಬಾಗಿಲನ್ನು ಎಳೆದು ಬಡಿದ. ಅಕ್ಕನ ಬಾಯಲ್ಲಿ ಇನ್ನೂ ಒಂದು ಬೈಗುಳ ಉಳಿದಿತ್ತು. ಬಾಗಿಲು ತೆಗೆದು ಅದನ್ನು ಅವನ ಬೆನ್ನಿಗೆ ಎಸೆದು, ಅವಳೂ ಬಡಿದಳು. ಎರಡು ಬಡಿತ. ಎರಡರಲ್ಲಿ ಒಂದಕ್ಕೆ ಮನೆಯ ನಾಯಿಯ ಕಿವಿ ಸಿಕ್ಕಿತು. ಇಬ್ಬರೂ ಕಿರುಚುತ್ತಿದ್ದ ಅಬ್ಬರಕ್ಕೆ ಆಕಾಶದಲ್ಲಿ ಹೋಗುತ್ತಿದ್ದ ವಿಮಾನ ದಾರಿ ಬದಲಿಸಿತೆಂದು ಹೇಳುತ್ತಾರೆ, ಇನ್ನು ನಾಯಿಯ ಕೂಗು ಯಾರಿಗೆ ಕೇಳಬೇಕು? ರಕ್ತ ಕಂಡದ್ದೇ ಸಾಯಂಕಾಲ.

ಯಾರೂ ಯಾರನ್ನೂ ಕೇಳಲಿಲ್ಲ. ಮಾರನೆಯ ದಿನ ಮೊಲವೂ ಹೋಯಿತು, ಗೂಬೆಯೂ ಹೋಯಿತು. ಕಿವಿ ಹರಿದ ನಾಯಿಯೇ ನಾಯಕನಾಯಿತು. ಒಂದು ವರ್ಷದ ಮೇಲೆ ಗೇಮ್ ಅಂಗಡಿಗೆ ಬಂದ ವಾರ, ಆ ಕಿವಿ ಪೂರ್ತಿ ಕಿವುಡಾಗಿದ್ದ ನಾಯಿ, ಸದ್ದು ಕೇಳದೆ, ಹಾಲಿನ ವ್ಯಾನಿಗೆ ಸಿಕ್ಕಿ ಸತ್ತಿತು. ಆಗ ಇದು ನಿನ್ನಿಂದಲೇ ಎಂದು ಒಬ್ಬರ ಮೇಲೊಬ್ಬರು ಬಾಯಿ ಬಿಟ್ಟರು. ಚಿಲಕದ ಕಡೆಯ ಚೌಕಟ್ಟು ಎಲ್ಲಿತ್ತೆಂದರೆ, ನಾಯಿ ಹೊರಗೆ ಹೋಗುತ್ತಿದ್ದರೆ ಸಿಕ್ಕುವುದು ಬಲಗಿವಿ, ಒಳಗೆ ಬರುತ್ತಿದ್ದರೆ ಎಡಗಿವಿ. ಹೊರಗೆ ಹೋಗುತ್ತಿತ್ತು ಎಂದರೆ ತಮ್ಮನ ಹಿಂದೆ ಓಡಿದ್ದು, ಅವನ ಬಡಿತಕ್ಕೆ ಸಿಕ್ಕಿದ್ದು. ಒಳಗೆ ಬರುತ್ತಿತ್ತು ಎಂದರೆ ಅವನನ್ನು ಬಿಟ್ಟು ವಾಪಸ್ಸಾಗಿದ್ದು, ಅಕ್ಕನ ಬಡಿತಕ್ಕೆ ಸಿಕ್ಕಿದ್ದು. ವರ್ಷವಿಡೀ ಕಣ್ಣೆದುರಿಗಿದ್ದ ಕಿವಿ. ಆದರೂ ನಾಯಿಯನ್ನು ಹೂಳುವಷ್ಟರಲ್ಲಿ ಇಬ್ಬರ ನೆನಪೂ ಅವರವರಿಗೆ ಬೇಕಾದ ಕಡೆ ತಿರುಗಿ ಕೂತಿತ್ತು. ಉಳಿದಿದ್ದ ಒಂಬತ್ತು ಫೋಟೋಗಳಲ್ಲಿ ಏಳರಲ್ಲಿ ಬಾಲ, ಒಂದರಲ್ಲಿ ಮಂಜು, ಒಂದರಲ್ಲಿ ಅದು ಆ ಕಿವಿಯ ಮೇಲೇ ಮಲಗಿತ್ತು, ಯಾವ ಕಡೆ ಮಲಗಿದೆ ಎಂದು ತಿಳಿಯದ ಹಾಗೆ ಕಂಬಳಿ ಹೊದ್ದು.

ನಿರ್ದೇಶಕಿ ಮೊದಲು ನೆಟ್ಟಗಿನ ದಾರಿಯಲ್ಲೇ ಹೋದಳು. ಮಾವನ ಮನೆಗೆ ಹೋದರೆ ಮಾವ ಎಡಗಿವಿಯ ಬಗ್ಗೆ ಮೂರು ಗಂಟೆ ಭಾಷಣ ಮಾಡಿದ. ಅಮ್ಮನ ಅಡುಗೆಮನೆಗೆ ಬಂದರೆ ಅಮ್ಮ ಬಲಗಿವಿ ಎಂದು ಒಂದೇ ಪದ ಹೇಳಿ ನೀರಿನ ನಲ್ಲಿ ಜೋರಾಗಿ ತಿರುಗಿಸಿದಳು. ಎರಡೂ ಕಿವಿ ಹರಿದುಬಿಟ್ಟರೆ ಎಂದು ಕೇಳಿದ್ದಕ್ಕೆ ಅಮ್ಮ ಮಗಳ ಮುಖವನ್ನು, ಅದೇನೋ ಅಂಗಡಿಯಿಂದ ತಪ್ಪಿ ಬಂದ ಸಾಮಾನು ಎಂಬಂತೆ ನೋಡಿದಳು. ಟೋಪಿ ಹಾಕಿದರೆ ಎಂದು ಕೇಳಿದ್ದಕ್ಕೆ ಮಾವ ಫೋನಿಟ್ಟ.

ಆಗ ಅವಳು ತನ್ನ ಹುಟ್ಟುಗುಣಕ್ಕೆ ಬಂದಳು. ಸುಳ್ಳು ಹೇಳುವುದರಲ್ಲಿ ಅವಳನ್ನು ಮೀರಿಸುವವರು ಸ್ಟುಡಿಯೋದಲ್ಲಿರಲಿ, ಚುನಾವಣೆಗೆ ನಿಂತವರಲ್ಲೂ ಇರಲಿಲ್ಲ. ಮಾವ ಬಲಗಿವಿಗೆ ಒಪ್ಪಿದ್ದಾನೆಂದು ಅಮ್ಮನಿಗೆ ಹೇಳಿದಳು. ಅಮ್ಮ ಎಡಗಿವಿಗೆ ಒಪ್ಪಿದ್ದಾಳೆಂದು ಮಾವನಿಗೆ ಹೇಳಿದಳು. ಇನ್ನು ನಿಮ್ಮ ರುಜು ಒಂದೇ ಬಾಕಿ, ಶುಕ್ರವಾರ ಮೂರಕ್ಕೆ ಸ್ಟುಡಿಯೋಗೆ ಬನ್ನಿ ಎಂದು ಇಬ್ಬರಿಗೂ ಹೇಳಿದಳು. ಇಬ್ಬರೂ ಗೆದ್ದವರ ಬಟ್ಟೆ ಹಾಕಿಕೊಂಡು ಬಂದರು.

ಕೂರಿಸಿದ್ದು ದನಿ ಮುದ್ರಿಸುವ ಕೋಣೆಯಲ್ಲಿ. ಗೋಡೆಗೆಲ್ಲ ದಪ್ಪ ಮೆತ್ತೆ, ಕಿಟಕಿ ಇಲ್ಲ, ಒಳಗೆ ಕೊಲೆಯಾದರೂ ಹೊರಗೆ ಕೆಮ್ಮಿದಷ್ಟೂ ಕೇಳುವುದಿಲ್ಲ. ಮೇಜಿನ ಮೇಲೆ ದೊಡ್ಡ ಹಾಳೆ. ಹಾಳೆಯಲ್ಲಿ ಎದುರು ಮುಖದ ಮೊಂಡ, ಕಿವಿಗಳ ಜಾಗ ಖಾಲಿ. ಕೆಳಗೆ ಎರಡು ರುಜುವಿನ ಗೆರೆ, ಅದರ ಕೆಳಗೆ ಅಚ್ಚಾದ ಸಾಲು: ನಿರ್ದೇಶನ, ಅವಳ ಹೆಸರು. ಇಬ್ಬರ ರುಜು ಬಿದ್ದರೆ ಹಾಳೆಯಲ್ಲಿರುವುದೆಲ್ಲ ಒಪ್ಪಂದ. ಅಮ್ಮ ಮೊದಲೇ ಬಂದು ಕೂತಿದ್ದಳು. ಮಾವ ಒಳಗೆ ಕಾಲಿಟ್ಟು ಅವಳನ್ನು ಕಂಡು ಹೊರಳಿದ. ಅಷ್ಟರಲ್ಲಿ ನಿರ್ದೇಶಕಿ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

ಮಾವ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತ.

“ಹೇಳು ಅವನಿಗೆ, ಹೊಟ್ಟೆ ಬಂದಿದೆ,” ಎಂದಳು ಅಮ್ಮ ಮಗಳಿಗೆ.

“ನಿಮ್ಮಮ್ಮನಿಗೆ ಹೇಳು, ಕೂದಲಿಗೆ ಬಣ್ಣ ಹಚ್ಚಿದ್ರೆ ಬುದ್ಧಿಗೆ ಹಚ್ಚಿದ ಹಾಗಲ್ಲ.”

“ಬಲಗಿವಿ ಅಂತ ಒಪ್ಪಿಕೊಂಡು ಬಂದೋನಿಗೆ ಇಷ್ಟು ಜಂಬ ಯಾಕೆ ಅಂತ ಕೇಳು.”

“ನಾನು ಒಪ್ಪಿಕೊಂಡ್ನಾ? ಎಡಗಿವಿ ಅಂತ ಒಪ್ಪಿಕೊಂಡೋಳು ಅವಳು.”

ಇಬ್ಬರೂ ಒಟ್ಟಿಗೆ ನಿರ್ದೇಶಕಿಯ ಕಡೆ ತಿರುಗಿದರು. ಅಲ್ಲಿಂದ ಮುಂದಿನ ಮುಕ್ಕಾಲು ಗಂಟೆಯ ಮಾತುಗಳಲ್ಲಿ ಬರೆಯಬಹುದಾದದ್ದು ಕಡಿಮೆ. ಅವಳು ಹುಟ್ಟಿದ ಗಳಿಗೆಯಿಂದ ಹಿಡಿದು ಅವಳ ಅಪ್ಪನ ಕಡೆಯವರ ಮೂಗಿನವರೆಗೂ ಬಂದವು. ಆಮೇಲೆ ಅವಳನ್ನು ಬಿಟ್ಟು ಒಬ್ಬರನ್ನೊಬ್ಬರು ಹಿಡಿದರು. ಆ ನಾಯಿಗೆ ನೀನೆಂದೂ ನೀರಿಟ್ಟವನಲ್ಲ ಎಂದು ಅಮ್ಮ, ನೀನಿಟ್ಟ ಅನ್ನ ತಿಂದೇ ಅದಕ್ಕೆ ಬದುಕು ಬೇಸರವಾಗಿದ್ದು ಎಂದು ಮಾವ. ಗೋಡೆಯ ಮೇಲಿನ ಕೆಂಪು ಗಡಿಯಾರ ನಾಲ್ಕು ತೋರಿಸಿತು. ಮಾವ ಪೆನ್ನಿನ ಮುಚ್ಚಳ ಹಾಕಿ ಎದ್ದ. ಅಮ್ಮ ಚೀಲ ಹೆಗಲಿಗೇರಿಸಿದಳು. ನಿರ್ದೇಶಕಿಯ ಕಣ್ಣ ಮುಂದೆ ಬದನೆಕಾಯಿಗಳು ಸಾಲಾಗಿ ನಿಂತು ಹಾಡತೊಡಗಿದವು.

“ಬಾಗಿಲು ಹಾಕಿದ್ದು ನಾನು,” ಎಂದುಬಿಟ್ಟಳು.

ಇಬ್ಬರೂ ನಿಂತರು.

ಅವಳಿಗೆ ಆಗ ನಾಲ್ಕು ವರ್ಷ. ನಿಜಕ್ಕೂ ಆ ಮಧ್ಯಾಹ್ನ ಹಿತ್ತಲಲ್ಲಿ ಕೂತು ಮಣ್ಣು ತಿನ್ನುತ್ತಿದ್ದಳು. ಆದರೆ ಬಾಯಿ ತೆಗೆದ ಮೇಲೆ ಸುಳ್ಳಿಗೆ ಕೈಕಾಲು ತಾನಾಗಿ ಬಂದವು. ಹನ್ನೊಂದು ವರ್ಷ ಅವಳು ಮಾಡಿದ ಕೆಲಸವೇ ಅದು. ನೀವಿಬ್ಬರೂ ಬಡಿದ ಮೇಲೆ ಬಾಗಿಲು ಪುಟಿದು ಅರ್ಧ ತೆರೆದುಕೊಂಡಿತ್ತು ಎಂದಳು. ಜಗಳ ಒಳಗೆ ಬರದಿರಲಿ ಎಂದು ತಾನೇ ಹೋಗಿ ಎರಡು ಕೈಯಲ್ಲಿ ತಳ್ಳಿದೆ ಎಂದಳು. ಏನೋ ಮೆತ್ತಗೆ ತಾಗಿತು, ಇನ್ನೂ ಗಟ್ಟಿಯಾಗಿ ತಳ್ಳಿದೆ ಎಂದಳು. ಇದನ್ನು ಹೇಳುವಾಗ ಅವಳಿಗೇ ಕಣ್ಣಲ್ಲಿ ನೀರು ಬಂತು. ಅಷ್ಟು ಚೆನ್ನಾಗಿತ್ತು.

“ನಿನಗೆ ಆಗ ಚಿಲಕ ಎಟಕ್ತಿರಲಿಲ್ಲ,” ಎಂದಳು ಅಮ್ಮ.

“ತಳ್ಳೋಕೆ ಚಿಲಕ ಯಾಕಮ್ಮ.”

“ನಾಯಿ ಹೊರಗೆ ಹೋಗ್ತಿತ್ತಾ, ಒಳಗೆ ಬರ್ತಿತ್ತಾ?” ಎಂದ ಮಾವ.

“ಗೊತ್ತಿಲ್ಲ ಮಾವ. ನಾನು ಕಣ್ಣು ಮುಚ್ಕೊಂಡಿದ್ದೆ.”

ಅಮ್ಮ ಚೀಲ ಇಳಿಸಿ ಕುರ್ಚಿಯಲ್ಲಿ ಕೂತಳು. ಮಾವನೂ ಕೂತ. ಇಪ್ಪತ್ತೈದು ವರ್ಷ ಎದೆಯ ಮೇಲೆ ಕಲ್ಲು ಹೊತ್ತು, ಅದು ಇನ್ನೊಬ್ಬರ ಕಲ್ಲು ಎಂದು ಹಗಲೆಲ್ಲ ವಾದಿಸಿ, ಒಂಟಿಯಾದಾಗ ತನ್ನದೇ ಇರಬಹುದೆಂದು ಬೆವರುತ್ತಿದ್ದ ಇಬ್ಬರು. ಕಲ್ಲನ್ನು ಮೂರನೆಯವಳು ಎತ್ತಿಕೊಂಡಾಗ ಅವರ ಭುಜಗಳು ಒಂದು ಗೇಣು ಮೇಲಕ್ಕೆದ್ದವು. ಅಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದು, ತಮ್ಮನ ಕಡೆ ತಳ್ಳಿದಳು. ಅವನು ಕುಡಿದ.

“ಗೂಬೆ ಚೆನ್ನಾಗಿರ್ತಿರಲಿಲ್ಲ ಕಣೋ,” ಎಂದಳು.

“ಮೊಲಾನೂ ಅಷ್ಟಕ್ಕಷ್ಟೇ,” ಎಂದ ಅವನು.

ಆಮೇಲೆ ನಡೆದದ್ದನ್ನು ಕಂಡವರಿಗೆ ಮಾತ್ರ ನಂಬಿಕೆ ಬರುತ್ತದೆ. ಇಬ್ಬರೂ ಹಾಳೆಯ ಮೇಲೆ ಬಗ್ಗಿದರು, ಮೊಣಕೈಗೆ ಮೊಣಕೈ ತಾಗಿಸಿ. ಲಾಟೀನು ಯಾವ ಕೈಯಲ್ಲಿ ಎಂದ ಮಾವ. ಬಲಗೈ, ಪ್ರಶ್ನೆ ಕೇಳುವಾಗ ಅದನ್ನೇ ಎತ್ತಬೇಕು ಎಂದಳು ಅಮ್ಮ. ಎತ್ತಿದರೆ ಬಲಗಿವಿ ಮರೆಯಾಗುತ್ತದೆ, ಹರಕು ಅಲ್ಲಿದ್ದರೆ ಮಕ್ಕಳಿಗೆ ಕಾಣುವುದೇ ಇಲ್ಲ ಎಂದ ಮಾವ. ಹಾಗಾದರೆ ಎಡಗಿವಿ ಎಂದವಳು ಅಮ್ಮ! ಇಪ್ಪತ್ತೈದು ವರ್ಷ ಜೀವ ಹೋದರೂ ಹೇಳದ ಪದವನ್ನು ಕಾಫಿಗೆ ಸಕ್ಕರೆ ಎಷ್ಟು ಎನ್ನುವಷ್ಟು ಹಗುರವಾಗಿ ಹೇಳಿದಳು. ಹರಕಿನ ಅಂಚಿಗೆ ಮೂರು ಹಲ್ಲೋ ನಾಲ್ಕೋ ಎಂದು ಸ್ವಲ್ಪ ಕೊಸರಾಡಿ ಮೂರಕ್ಕೆ ನಿಂತರು. ನಿರ್ದೇಶಕಿ ಗೆರೆಯ ದಪ್ಪದ ಬಗ್ಗೆ ಏನೋ ಹೇಳಹೋದಾಗ, ನೀನು ಸುಮ್ಮನಿರು ಎಂದು ಇಬ್ಬರೂ ತಲೆಯೆತ್ತದೆ ಹೇಳಿದರು.

ಕಿವಿ ಬರೆದಾಯಿತು. ಅಮ್ಮ ರುಜು ಹಾಕಿದಳು. ಮಾವ ರುಜು ಹಾಕಿದ. ಗಂಟೆ ನಾಲ್ಕೂ ಮುಕ್ಕಾಲು. ನಿರ್ದೇಶಕಿ ಹಾಳೆಗೆ ಕೈ ಚಾಚಿದಳು. ಮಾವ ಅದನ್ನು ಬಿಡಲಿಲ್ಲ. ಅವನ ಕಣ್ಣು ಅಚ್ಚಾದ ಸಾಲಿನ ಮೇಲೆ ನಿಂತಿತ್ತು.

“ಅಕ್ಕ,” ಎಂದ. “ಅದರ ಕಿವಿ ಕಿತ್ತೋಳ ಕೈಗೇ ಅದನ್ನ ಕೊಡೋದಾ?”

ಅಮ್ಮ ಮಗಳನ್ನು ನೋಡಿದಳು. ಹೆತ್ತ ಕರುಳು ಎನ್ನುತ್ತಾರಲ್ಲ, ಆ ಕರುಳು ಆ ಹೊತ್ತು ಎಲ್ಲೋ ಸಂತೆಗೆ ಹೋಗಿತ್ತು. “ಇಪ್ಪತ್ತೈದು ವರ್ಷ ಬಾಯಿ ಮುಚ್ಕೊಂಡು ನಮ್ಮಿಬ್ಬರ ತಮಾಷೆ ನೋಡಿದಾಳೆ,” ಎಂದಳು. “ಹೊಡಿ.”

ಮಾವ ‘ನಿರ್ದೇಶನ’ದ ಸಾಲಿನ ಮೇಲೆ ಒಂದು ಗೆರೆ ಎಳೆದ. ಅಳತೆಪಟ್ಟಿ ಇಟ್ಟಷ್ಟು ನೇರ ಗೆರೆ. ಒಪ್ಪಂದದ ಕಾಗದದಲ್ಲಿ ಹೊಡೆದುಹಾಕಿದ ಕಡೆ ಇಬ್ಬರೂ ಚಿಕ್ಕ ರುಜು ಹಾಕಬೇಕೆಂದು ಅಮ್ಮನೇ ನೆನಪಿಸಿ, ಮೊದಲು ತಾನೇ ಹಾಕಿದಳು.

“ಕೇಳಿ ಇಲ್ಲಿ,” ಎಂದಳು ನಿರ್ದೇಶಕಿ. “ನಾನು ಬಾಗಿಲು ಮುಟ್ಟೇ ಇಲ್ಲ. ನಾನು ಹಿತ್ತಲಲ್ಲಿದ್ದೆ. ರುಜು ಸಿಗಲಿ ಅಂತ ಸುಳ್ಳು ಹೇಳಿದೆ.”

ಅಕ್ಕ ತಮ್ಮನನ್ನು ನೋಡಿದಳು. ತಮ್ಮ ಅಕ್ಕನನ್ನು ನೋಡಿದ. ಈಗಷ್ಟೇ ಕಲ್ಲಿಳಿಸಿ ಕೂತವರನ್ನು ಮತ್ತೆ ಹೊರಿ ಎಂದರೆ ಹೇಗೆ ನೋಡುತ್ತಾರೋ ಹಾಗೆ ನೋಡಿಕೊಂಡರು.

“ಈಗ ಸುಳ್ಳು ಹೇಳ್ತಿದಾಳೆ,” ಎಂದ ಮಾವ.

“ಚಿಕ್ಕಂದಿನಿಂದ ಹೀಗೇ ಇದು,” ಎಂದಳು ಅಮ್ಮ.

ಈಗ ಕೈಗೆ ಬಂದ ಹಾಳೆಯನ್ನು ಅವಳು ಹರಿದುಹಾಕಬಹುದಾಗಿತ್ತು. ಹರಿದರೆ ಬದನೆಕಾಯಿ ಹಾಡುತ್ತದೆ, ಕೆಳಗಿನ ಮಹಡಿಯಲ್ಲಿ ಬಣ್ಣ ತುಂಬಲು ಕಾದು ಕೂತ ನಲವತ್ತು ಜನ ಬೀದಿಗೆ ಬೀಳುತ್ತಾರೆ, ಅವಳ ಹೆಸರು ಆಗಲೂ ಬರುವುದಿಲ್ಲ. ಹಾಳೆಯನ್ನು ಮಡಚದೆ ಎರಡು ಕೈಯಲ್ಲಿ ಹಿಡಿದು, ಐದಕ್ಕೆ ಎರಡು ನಿಮಿಷವಿದ್ದಾಗ ಗಂಟೆ ಮೇಡಂ ಮೇಜಿನ ಮೇಲಿಟ್ಟಳು. ಆಕೆ ಕಿವಿ ನೋಡಿದರು, ರುಜು ನೋಡಿದರು, ಹೊಡೆದುಹಾಕಿದ ಸಾಲು ನೋಡಿದರು, ಗಡಿಯಾರ ನೋಡಿದರು, ಮುದ್ರೆ ಒತ್ತಿದರು. ಏನಾಯಿತು ಎಂದು ಕೇಳಲು ಆಕೆಗೆ ಸಮಯವಿರಲಿಲ್ಲ.

ಸ್ಟುಡಿಯೋದ ಯಜಮಾನ ಆವತ್ತೇ ನಿರ್ದೇಶನವನ್ನು ಬಣ್ಣದ ವಿಭಾಗ ನೋಡಿಕೊಳ್ಳುವ ಮೇಷ್ಟ್ರಿಗೆ ಕೊಟ್ಟ. ಮೇಷ್ಟ್ರು ಒಳ್ಳೆಯವರೇ, ದಿನಕ್ಕೆ ಹದಿನಾರು ಗಂಟೆ ಕುರ್ಚಿಯಲ್ಲಿ ಕೂತಿರುತ್ತಾರೆ, ಅದರಲ್ಲಿ ಹದಿನಾಲ್ಕು ನಿದ್ದೆ. ಇವಳಿಗೆ ಉಳಿದದ್ದು ಯಾರಿಗೂ ಬೇಡದ ಒಂದು ಕೆಲಸ. ಸೋಮಾರಿ ಚಿತ್ರಗಾರರು ಇವತ್ತಿಗೂ ಒಂದೇ ಚಿತ್ರವನ್ನು ಮಗುಚಿ ಎರಡು ಮಾಡುತ್ತಾರೆ. ಮಗುಚಿದರೆ ಮೊಂಡನ ಹರಕು ಎಡದಿಂದ ಬಲಕ್ಕೆ ಹಾರುತ್ತದೆ. ಐವತ್ತೆರಡು ಕಂತುಗಳ ಒಂದೊಂದು ಚಿತ್ರವನ್ನೂ ನೋಡಿ, ಕಿವಿ ಸರಿಯಿದೆ ಎಂದು ಬರೆಯಬೇಕು. ಅವಳು ಬರೆಯದೆ ಒಂದು ಚಿತ್ರವೂ ಮುಂದೆ ಹೋಗುವಂತಿಲ್ಲ. ಯಜಮಾನ ಇದನ್ನು ಕರುಣೆಯೆಂದು ಕೊಟ್ಟ. ಅವಳು ತೆಗೆದುಕೊಂಡಳು. ಇನ್ನು ಅವಳನ್ನು ನಿರ್ದೇಶಕಿ ಎನ್ನುವಂತಿಲ್ಲ, ಮಗಳು ಎನ್ನಬೇಕು.

ಮಗಳು ಮನೆಗೆ ಬಂದಾಗ ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಫೋನಿನಲ್ಲಿದ್ದಳು. ನಗುತ್ತಿದ್ದಳು. ಆ ನಗು ಈ ಮನೆಯ ಗೋಡೆಗಳಿಗೇ ಹೊಸದು. ಹಲ್ಲಿನ ಡಾಕ್ಟರ ವಿಷಯ ನಡೆದಿತ್ತು. ಮಗಳನ್ನು ಕಂಡು, ಗದ್ದಲ ಮಾಡಬೇಡ ಎಂದು ಕೈಸನ್ನೆ ಮಾಡಿದಳು.

“ಬಂದಳು ನೋಡೋ,” ಎಂದಳು ಫೋನಿಗೆ. “ನಾಯಿ ಕಿವಿ ಕಿತ್ತೋಳು.”

ಮಗಳು ಚಪ್ಪಲಿ ಬಿಚ್ಚಿ, ಚೀಲ ಕೆಳಗಿಟ್ಟು, ಫೋನಿಗೆ ಕೇಳುವಷ್ಟು ಹತ್ತಿರ ಬಂದು ನಿಂತಳು.

“ಮಾವನಿಗೆ ಹೇಳಮ್ಮ, ಸೋಮವಾರದಿಂದ ಕಿವಿ ನೋಡೋದು ನನ್ನ ಕೆಲಸ ಅಂತ,” ಎಂದಳು. “ಹರಕಿನ ಅಂಚಿಗೆ ಮೂರು ಹಲ್ಲು ಅಂತ ರುಜು ಹಾಕಿದೀರಿ. ಎರಡೂವರೆ ಕಂಡ್ರೆ ವಾಪಸ್ಸು. ಮೂರೂಕಾಲು ಕಂಡ್ರೂ ವಾಪಸ್ಸು. ನಿಮ್ಮ ಮೊಂಡ ಟಿ.ವಿ.ಗೆ ಬರೋದನ್ನ ನೋಡಬೇಕು ಅಂದ್ರೆ ಇಬ್ಬರೂ ಚೆನ್ನಾಗಿ ಉಂಡು, ಮಾತ್ರೆ ತಗೊಂಡು, ಇನ್ನೊಂದು ಇಪ್ಪತ್ತೈದು ವರ್ಷ ಬದುಕಬೇಕು.”

ಫೋನಿನ ಆ ಕಡೆ ನಗು ನಿಂತಿತು. ಅಮ್ಮನೂ ಕಾಲು ಮಡಚಿ ನೆಟ್ಟಗೆ ಕೂತಳು.